25 ಪೌಂಡ್ ಒಳಗೆ 10 ವರ್ಷದ ಟಾನಿ ಪೋರ್ಟ್: ಹೊಸಬನಿಗೆ ಯಾವುದು?

ಬಿಸಿಬೋಂಡ (ರೀಡಿಂಗ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ವೈನ್ ವಿಷಯದಲ್ಲಿ ನಾನು ಪೂರ್ತಿ ಹೊಸಬ. ಕಳೆದ ತಿಂಗಳು ಆಫೀಸಿನವರೊಬ್ಬರ ಮನೆಯಲ್ಲಿ ಊಟ ಆದ ಮೇಲೆ ಪುಟ್ಟ ಗ್ಲಾಸಿನಲ್ಲಿ ಏನೋ ಕೊಟ್ಟರು. ಬಣ್ಣ ನೋಡಿದರೆ ತೆಳ್ಳಗಿನ ಡಿಕಾಕ್ಷನ್ ಹಾಗಿತ್ತು. ಬಾಯಿಗೆ ಹಾಕಿದರೆ ಒಣ ಅಂಜೂರ, ಕಾಸಿದ ಬೆಲ್ಲ, ಹುರಿದ ಗೋಡಂಬಿ. ನಮ್ಮಜ್ಜಿ ಅಂಟಿನುಂಡೆ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತಿದ್ದ ವಾಸನೆ ಅದು, ಸುಳ್ಳಲ್ಲ. ಏನಿದು ಅಂತ ಕೇಳಿದೆ. 20 ವರ್ಷದ ಟಾನಿ ಪೋರ್ಟ್, ಪೋರ್ಚುಗಲ್‌ನ ಸಿಹಿ ವೈನ್ ಅಂದರು.

ಮರುದಿನವೇ ಅಂಗಡಿಗೆ ಹೋದೆ. 20 ವರ್ಷದ್ದು 42 ಪೌಂಡ್. ಸುಮ್ನೆ ವಾಪಸ್ ಇಟ್ಟೆ. ಪಕ್ಕದಲ್ಲಿ ಇದ್ದವು ಇವು:

ಬರೀ ‘ಟಾನಿ’ ಅಂತ ಬರೆದಿದ್ದು, 11 ಪೌಂಡ್.
ಸೂಪರ್‌ಮಾರ್ಕೆಟ್ ತನ್ನದೇ ಹೆಸರಲ್ಲಿ ಮಾರುವ 10 ವರ್ಷದ್ದು, 14.
ವಾರ್ಸ್ ಕಂಪನಿಯ ಒಟಿಮಾ 10, 16.
ಟೇಲರ್ಸ್ 10, 22.
ಗ್ರಹಾಮ್ಸ್ 10, 23.

ಒಂದೇ ‘10’ ಅಂಕಿ. ಬೆಲೆ ಮಾತ್ರ 14ರಿಂದ 23ರ ತನಕ. ಏನು ವ್ಯತ್ಯಾಸ? ಯಾವುದರಿಂದ ಶುರು ಮಾಡಲಿ?

ಕಾರವಾರಿ (ಬೆಂಗಳೂರು)

ಅಣ್ಣಾ, ನಮ್ಮ ಕಡೆ ಪೋರ್ಟ್ ವೈನ್ ಅಂದ್ರೆ ಗೋವಾದಿಂದ ಬರುವಾಗ ಬ್ಯಾಗಲ್ಲಿ ತುಂಬಿಕೊಂಡು ಬರುವ ಸಿಹಿ ಕೆಂಪು ವೈನ್. ಕೆಮ್ಮಿನ ಸಿರಪ್‌ಗೆ ದ್ರಾಕ್ಷಿ ಬಣ್ಣ ಹಾಕಿದ ಹಾಗೆ ಇರುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಗೋವಾ 1961ರ ತನಕ ಪೋರ್ಚುಗೀಸರ ಕೈಯಲ್ಲೇ ಇತ್ತಲ್ಲ.

ತುಂಗಾತೀರ (ಪೋರ್ಟೊ, ಪೋರ್ಚುಗಲ್)

ಹೆಸರಿನ ಸಂಬಂಧ ಮಾತ್ರ. ಯುರೋಪಿನಲ್ಲಿ ಪೋರ್ಟ್ ಅಂತ ಕರೆಯಬೇಕಾದರೆ ಆ ವೈನ್ ಪೋರ್ಚುಗಲ್‌ನ ಡೌರೊ ಕಣಿವೆಯದೇ ಆಗಿರಬೇಕು. ಆ ಕಣಿವೆಗೆ ಗಡಿ ಹಾಕಿದ್ದು 1756ರಲ್ಲಿ.

ನಾನು ಕೆಲಸದ ಮೇಲೆ ಇಲ್ಲಿಗೆ ಬಂದು 4 ವರ್ಷ ಆಯ್ತು. ಕಿಟಕಿ ತೆಗೆದರೆ ನದಿ. ಆಚೆ ದಡದಲ್ಲಿ ವಿಲಾ ನೋವಾ ಡಿ ಗಾಯಾ. ಪೋರ್ಟ್ ಕಂಪನಿಗಳ ಹೆಂಚಿನ ಮಾಡಿನ ಉಗ್ರಾಣಗಳೆಲ್ಲ ಸಾಲಾಗಿ ಅಲ್ಲೇ ಇವೆ. ನಮ್ಮೂರಿನ ಅಡಿಕೆ ಮಂಡಿ ನೆನಪಾಗುತ್ತೆ. ಅಲ್ಲಿ ಓಡಾಡಿ ಕಲಿತಿದ್ದನ್ನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ದ್ರಾಕ್ಷಿ ತುಳಿದು ಹುಳಿಯಲು ಬಿಡುತ್ತಾರೆ. ಎರಡು ಮೂರು ದಿನಕ್ಕೆ ಅರ್ಧದಷ್ಟು ಸಕ್ಕರೆ ಮದ್ಯ ಆಗಿರುತ್ತೆ. ಆಗ ಶೇಕಡಾ 77 ಮದ್ಯಾಂಶದ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ಹೆಚ್ಚುಕಡಿಮೆ ನಾಲ್ಕು ಪಾಲು ರಸಕ್ಕೆ ಒಂದು ಪಾಲು. ಯೀಸ್ಟ್ ಸಾಯುತ್ತೆ, ಹುಳಿಯುವುದು ನಿಲ್ಲುತ್ತೆ, ಉಳಿದ ಸಕ್ಕರೆ ಹಾಗೇ ಉಳಿಯುತ್ತೆ. ಆದ್ದರಿಂದಲೇ ಪೋರ್ಟ್ ಸಿಹಿ, ಜೊತೆಗೆ ಶೇಕಡಾ 20ರ ಆಸುಪಾಸು ಖಡಕ್.

ಇಲ್ಲಿಂದ ದಾರಿ ಎರಡಾಗುತ್ತೆ. ರೂಬಿ (ಎಳೆಯದಾಗಿಯೇ ಕುಡಿಯುವ ಕೆಂಪು ಪೋರ್ಟ್), ವಿಂಟೇಜ್ (ಒಂದೇ ವರ್ಷದ ದ್ರಾಕ್ಷಿಯದು, ಲೇಬಲ್ ಮೇಲೆ ಆ ವರ್ಷ ಇರುತ್ತೆ) ಇವಕ್ಕೆ ಗಾಳಿ ಆದಷ್ಟು ಕಡಿಮೆ ತಾಗಬೇಕು. ವಿಂಟೇಜ್ ಪೋರ್ಟ್ ಮರದಲ್ಲಿ ಇರುವುದು ಎರಡೇ ವರ್ಷದ ಲೆಕ್ಕ, ಆಮೇಲೆ ಬಾಟಲಿಯೊಳಗೇ ಹಣ್ಣಾಗುತ್ತೆ. ಟಾನಿ ಇದಕ್ಕೆ ಉಲ್ಟಾ. ಸುಮಾರು 550 ಲೀಟರ್ ಹಿಡಿಯುವ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂರುತ್ತೆ. ಹಳೇ ಪೀಪಾಯಿಯೇ ಬೇಕು, ಮರದ ರುಚಿ ಬರಬಾರದು. ಮರದ ಸಂದಿಯಿಂದ ಗಾಳಿ ನಿಧಾನಕ್ಕೆ ಒಳಗೆ ಹೋಗುತ್ತೆ, ಕೆಂಪು ಬಣ್ಣ ಇಳಿದು ಇಟ್ಟಿಗೆ ಬಣ್ಣ, ಆಮೇಲೆ ಜೋನಿ ಬೆಲ್ಲದ ಬಣ್ಣ. ತಾಜಾ ಹಣ್ಣಿನ ರುಚಿ ಹೋಗಿ ಒಣಹಣ್ಣು, ಬೀಜಗಳ ರುಚಿ ಬರುತ್ತೆ. ಬಿಸಿಬೋಂಡ ಅವರೇ, ನೀವು ಹೇಳಿದ ಅಂಟಿನುಂಡೆ ಬರುವುದು ಇಲ್ಲಿಂದ.

ಗಾಳಿ ಒಳಗೆ ಹೋದ ಹಾಗೆ ವೈನ್ ಆವಿಯಾಗಿ ಹೊರಗೂ ಹೋಗುತ್ತೆ. ವರ್ಷಕ್ಕೆ ಶೇಕಡಾ 2ರ ಆಸುಪಾಸು. ಆ ಲೆಕ್ಕದಲ್ಲಿ 550 ಲೀಟರ್ 10 ವರ್ಷಕ್ಕೆ 450ಕ್ಕೆ ಇಳಿಯುತ್ತೆ, 20 ವರ್ಷಕ್ಕೆ 370ರ ಹತ್ತಿರ. ಮೂರನೇ ಒಂದು ಪಾಲು ಮಾಯ! 42 ಪೌಂಡ್ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

11 ಪೌಂಡಿನದು ಮರದಲ್ಲಿ ಇದ್ದಿದ್ದು ಸುಮಾರು 3 ವರ್ಷ. ಎಷ್ಟೋ ಸಲ ಅದರ ಬಣ್ಣ ತೆಳುವಾಗಿರುವುದು ವಯಸ್ಸಿನಿಂದಲ್ಲ, ತೆಳು ಬಣ್ಣದ ದ್ರಾಕ್ಷಿ ಬಳಸಿದ್ದರಿಂದ. ಅದನ್ನು ಬಿಡಿ. ನಿಮಗೆ ಬೇಕಾಗಿದ್ದು ಅದರಲ್ಲಿ ಸಿಗಲ್ಲ.

ಯಾರಾದ್ರೇನು (ಮೆಲ್ಬರ್ನ್)

ಚೆನ್ನಾಗಿ ಹೇಳಿದ್ರಿ. ಆದರೆ 10 ವರ್ಷ ಅಂದ್ರೆ ಒಳಗಿರುವ ಪ್ರತಿ ಹನಿಗೂ ಕನಿಷ್ಠ 10 ವರ್ಷ ಆಗಿರಬೇಕು ಅಲ್ವಾ? ವಿಸ್ಕಿಯಲ್ಲಿ ಹಾಗೇ ತಾನೆ.

ತುಂಗಾತೀರ (ಪೋರ್ಟೊ, ಪೋರ್ಚುಗಲ್)

ಅಲ್ಲ. ಸ್ಕಾಚ್‌ನಲ್ಲಿ ಬಾಟಲಿ ಮೇಲಿನ ಅಂಕಿ ಒಳಗಿರುವ ಅತಿ ಎಳೆಯ ವಿಸ್ಕಿಯ ವಯಸ್ಸು. ಟಾನಿಯಲ್ಲಿ ಬೇರೆ ಬೇರೆ ವರ್ಷದ ಪೀಪಾಯಿಗಳನ್ನು ಬೆರೆಸುತ್ತಾರೆ. ಒಂದು 7 ವರ್ಷದ್ದಿರಬಹುದು, ಇನ್ನೊಂದು 16 ವರ್ಷದ್ದು.

ಸಂಜೆಮಲ್ಲಿಗೆ (ಲೀಡ್ಸ್)

ಅಂದರೆ ಸರಾಸರಿ 10.

ತುಂಗಾತೀರ (ಪೋರ್ಟೊ, ಪೋರ್ಚುಗಲ್)

ಸರಾಸರಿ ಅಂತಲೇ ಎಲ್ಲರೂ ಹೇಳ್ತಾರೆ, ಗೈಡ್‌ಗಳೂ ಹಾಗೇ ಹೇಳ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಅದು ಬರೀ ಕೂಡಿ ಭಾಗಿಸುವ ಲೆಕ್ಕ ಅಲ್ಲ. ಡೌರೊ ಮತ್ತು ಪೋರ್ಟ್ ವೈನ್‌ಗೆ ಒಂದು ಸರ್ಕಾರಿ ಸಂಸ್ಥೆ ಇದೆ, ಚಿಕ್ಕದಾಗಿ ಐವಿಡಿಪಿ ಅಂತಾರೆ. ಅಲ್ಲಿ ರುಚಿ ನೋಡುವವರ ಒಂದು ತಂಡ ಇದೆ. ಕಂಪನಿ ಕಳಿಸಿದ ಮಾದರಿ 10 ವರ್ಷದ ಟಾನಿಯ ಗುಣ ತೋರಿಸುತ್ತಾ ಅಂತ ಅವರು ಮೂಸಿ, ಕುಡಿದು ಹೇಳಬೇಕು. ಇಲ್ಲ ಅಂದರೆ ಆ ಅಂಕಿ ಹಾಕುವ ಹಾಗಿಲ್ಲ. ಹಾಗಾಗಿ ‘10’ ಅನ್ನುವುದು ಹುಟ್ಟಿದ ತಾರೀಕಲ್ಲ, ಒಂದು ರುಚಿಯ ಹೆಸರು ಅಂದುಕೊಳ್ಳಿ. ಬಾಟಲಿ ಕುತ್ತಿಗೆ ಮೇಲೆ ನಂಬರ್ ಇರುವ ಚೀಟಿ ಅಂಟಿಸಿರುತ್ತಾರಲ್ಲ, ಅದು ಆ ಸಂಸ್ಥೆಯ ಮುದ್ರೆ.

ಲೆಕ್ಕದಪುಸ್ತಕ (ನ್ಯೂಜೆರ್ಸಿ)

ರುಚಿ ಗಿಚಿ ಆಮೇಲೆ. ಬಿಸಿಬೋಂಡ, ನೀವು ಕೊಟ್ಟ ಬೆಲೆ ಪಟ್ಟಿಯಲ್ಲಿ ಒಂದು ಮೋಸ ಇದೆ. ಒಟಿಮಾ ಬಾಟಲಿ ಎಷ್ಟು ಮಿ.ಲೀ. ನೋಡಿದ್ರಾ?

ಬಿಸಿಬೋಂಡ (ರೀಡಿಂಗ್, ಇಂಗ್ಲೆಂಡ್)

ಇಲ್ಲ. ಚಂದ ಇತ್ತು, ಉದ್ದಕ್ಕೆ, ಬಿಳಿ ಗಾಜು.

ಲೆಕ್ಕದಪುಸ್ತಕ (ನ್ಯೂಜೆರ್ಸಿ)

500 ಮಿ.ಲೀ. ಉಳಿದವು 750. ಅಂದರೆ 16 ಪೌಂಡಿನ ಒಟಿಮಾ ದೊಡ್ಡ ಬಾಟಲಿ ಲೆಕ್ಕದಲ್ಲಿ 24 ಪೌಂಡ್. ನಿಮ್ಮ ಪಟ್ಟಿಯ 10 ವರ್ಷದವುಗಳಲ್ಲಿ ಅದೇ ಎಲ್ಲಕ್ಕಿಂತ ದುಬಾರಿ! ಮೋಸ ಅಂದಿದ್ದು ತಮಾಷೆಗೆ, ಲೇಬಲ್ ಮೇಲೆ ಬರೆದೇ ಇರುತ್ತಾರೆ. ಒಬ್ಬರೇ ಕುಡಿಯುವವರಿಗೆ ಚಿಕ್ಕ ಬಾಟಲಿಯೇ ವಾಸಿ ಕೂಡ.

60 ಮಿ.ಲೀ. ಒಂದು ಗ್ಲಾಸ್ ಅಂತ ಹಿಡಿದರೆ 750ಕ್ಕೆ 12 ಗ್ಲಾಸ್ ಬರುತ್ತೆ. 14 ಪೌಂಡಿನದಕ್ಕೆ ಗ್ಲಾಸಿಗೆ 1 ಪೌಂಡ್ 17 ಪೆನ್ನಿ. 23ರದ್ದಕ್ಕೆ 1 ಪೌಂಡ್ 92. ನಿಮ್ಮ ಸಹೋದ್ಯೋಗಿ ಕೊಟ್ಟ 20 ವರ್ಷದ್ದಕ್ಕೆ ಮೂರೂವರೆ ಪೌಂಡ್. ಹೊರಗೆ ಒಂದು ಬಿಯರ್‌ಗೆ ಇದಕ್ಕಿಂತ ಜಾಸ್ತಿ ಕೊಡ್ತೀರಿ.

ಸಂಜೆಮಲ್ಲಿಗೆ (ಲೀಡ್ಸ್)

ನಾನು 6 ವರ್ಷದಿಂದ ಬರೀ ಟಾನಿ ಕುಡಿಯುವವಳು. ನನ್ನ ಅಭಿಪ್ರಾಯ ಹೇಳಿಬಿಡ್ತೀನಿ.

10 ವರ್ಷದವುಗಳ ನಡುವೆ ವ್ಯತ್ಯಾಸ ಬರುವುದು ಮನೆತನದಿಂದ, ಅಂದರೆ ಪೋರ್ಟ್ ಮಾಡುವ ಕಂಪನಿಯಿಂದ. ಒಂದೇ ಬೇಳೆ, ಒಂದೇ ಹುಣಸೆಹಣ್ಣು ಇದ್ದರೂ ಮನೆಮನೆ ಸಾರು ಬೇರೆ ಆಗಲ್ವಾ, ಹಾಗೆ. ಗ್ರಹಾಮ್ಸ್ ಸಿಹಿ ಕಡೆ ವಾಲುತ್ತೆ, ಮೈತುಂಬಿದ ಹಾಗೆ ಇರುತ್ತೆ, ಹೊಸಬರಿಗೆ ಮೊದಲ ಗುಟುಕಿಗೇ ಇಷ್ಟ ಆಗುತ್ತೆ. ಟೇಲರ್ಸ್ ಸ್ವಲ್ಪ ಬಿಗಿ, ಬಾದಾಮಿ ಥರ ಒಗರು ಕೊನೆಗೆ ಉಳಿಯುತ್ತೆ. ಡೌಸ್ ಇವೆರಡಕ್ಕಿಂತ ಸಿಹಿ ಕಡಿಮೆ ಅನ್ನಿಸುವ ಮನೆತನ. ಒಟಿಮಾ ಹಗುರ, ಬೇಸಿಗೆ ಸಂಜೆಗೆ ತಣ್ಣಗೆ ಕುಡಿಯೋಕೆ ಸರಿ. ರಾಮೋಸ್ ಪಿಂಟೊ ಸಿಕ್ಕರೆ ಬಿಡಬೇಡಿ, ನನಗೆ ಅದರಲ್ಲಿ ಕಿತ್ತಳೆ ಸಿಪ್ಪೆ ವಾಸನೆ ಸಿಗುತ್ತೆ. ಸ್ಯಾಂಡಮನ್ ಅಂದರೆ ಕಪ್ಪು ಕಂಬಳಿ ಹೊದ್ದು ಟೋಪಿ ಹಾಕಿದ ಆಸಾಮಿಯ ಚಿತ್ರ ಇರುತ್ತಲ್ಲ, ಅದು. ಅವರ 20 ವರ್ಷದ್ದು ನನಗೆ ಬಹಳ ಇಷ್ಟ, 10 ಪರವಾಗಿಲ್ಲ.

ತಮಾಷೆ ಏನು ಗೊತ್ತಾ, ಗ್ರಹಾಮ್ಸ್, ಡೌಸ್, ವಾರ್ಸ್ ಮೂರೂ ಒಂದೇ ಕುಟುಂಬದ ಕೈಯಲ್ಲಿವೆ, ಸೈಮಿಂಗ್ಟನ್ ಅಂತ. ಟೇಲರ್ಸ್, ಫೊನ್ಸೆಕಾ, ಕ್ರಾಫ್ಟ್ ಇನ್ನೊಬ್ಬರ ಕೈಯಲ್ಲಿ. ಒಡೆಯ ಒಬ್ಬನೇ ಆದರೂ ಪ್ರತಿ ಹೆಸರಿನ ಹಳೇ ರುಚಿಯನ್ನು ಬೇರೆ ಬೇರೆಯಾಗಿಯೇ ಕಾಪಾಡಿಕೊಂಡು ಬಂದಿದ್ದಾರೆ.

ಈಗ ನನ್ನ ಒಂದು ಪೆದ್ದುತನ ಕೇಳಿ. ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹೆಸರಾಂತ 10 ವರ್ಷದ ಟಾನಿ ಅರ್ಧ ಬೆಲೆಗೆ ಇತ್ತು. ಎರಡು ಬಾಟಲಿ ಎತ್ತಿಕೊಂಡು ಬಂದೆ. ಮನೆಗೆ ಬಂದು ತೆಗೆದರೆ ಸಪ್ಪೆ. ಸಿಹಿ ಇದೆ, ವಾಸನೆ ಇಲ್ಲ. ಹಳೇ ರಟ್ಟಿನ ಡಬ್ಬದ ಥರ ಏನೋ ಒಂದು. ಹಿಂದಿನ ಲೇಬಲ್ ಓದಿದೆ. ಬಾಟಲಿಗೆ ತುಂಬಿ 9 ವರ್ಷ ಆಗಿತ್ತು. ಯಾವ ಬಿಸಿಲಿನ ಕಿಟಕಿಯಲ್ಲಿ ನಿಂತಿತ್ತೋ ಏನೋ. ನಾನು ‘ಹಳೇದು ಒಳ್ಳೇದೇ’ ಅಂದುಕೊಂಡಿದ್ದೆ!

ಟಾನಿ ಬೆಳೆಯುವುದು ಪೀಪಾಯಿಯಲ್ಲಿ. ಬಾಟಲಿಗೆ ಬಂದ ದಿನ ಅದರ ಓದು ಮುಗಿಯಿತು ಅಂತ ಲೆಕ್ಕ. ವಯಸ್ಸು ಹಾಕಿದ ಟಾನಿಯ ಮೇಲೆ ಬಾಟಲಿಗೆ ತುಂಬಿದ ವರ್ಷ ಬರೆಯಲೇಬೇಕು ಅನ್ನುವ ನಿಯಮ ಇದೆ. ಮೊದಲು ಅದನ್ನು ನೋಡಿ. ಎರಡು ಮೂರು ವರ್ಷದೊಳಗಿನದು ತಗೊಳ್ಳಿ.

ಕಾರವಾರಿ (ಬೆಂಗಳೂರು)

ಅಯ್ಯೋ ಅಕ್ಕಾ, ನಮ್ಮ ಮಾವ 2012ರಲ್ಲಿ ಯಾರೋ ಕೊಟ್ಟ ಪೋರ್ಟ್ ಬಾಟಲಿಯನ್ನು ಶೋಕೇಸಲ್ಲಿ ಗಣಪತಿ ಪಕ್ಕ ಇಟ್ಟಿದ್ದಾರೆ. ಮಗಳ ಮದುವೆಗೆ ತೆಗೀತಾರಂತೆ. ಈಗಷ್ಟೇ ಫೋನ್ ಮಾಡಿ ಕೇಳಿದೆ. ಟಾನಿ ಅಂತಲೇ ಬರೆದಿದೆಯಂತೆ.

ಸಂಜೆಮಲ್ಲಿಗೆ (ಲೀಡ್ಸ್)

ಈ ಭಾನುವಾರವೇ ತೆಗೆಸಿ.

ಯಾರಾದ್ರೇನು (ಮೆಲ್ಬರ್ನ್)

ಆಸ್ಟ್ರೇಲಿಯಾದ ಕಡೆಯಿಂದ ನಾಲ್ಕು ಮಾತು. ಇಲ್ಲೂ ಇದೇ ಶೈಲಿಯ ವೈನ್ ಬಹಳ ಹಿಂದಿನಿಂದ ಮಾಡ್ತಾರೆ. ಮೊದಲು ಪೋರ್ಟ್ ಅಂತಲೇ ಕರೆಯುತ್ತಿದ್ದರು. ಯುರೋಪಿನ ಜೊತೆ ಒಪ್ಪಂದ ಆದ ಮೇಲೆ ಆ ಹೆಸರು ಬಿಟ್ಟರು. ಈಗ ಲೇಬಲ್ ಮೇಲೆ ಬರೀ ‘ಟಾನಿ’. ಬೆಲೆಗೆ ಹೋಲಿಸಿದರೆ ಚೆನ್ನಾಗಿವೆ, ಆದರೆ ಸಿಹಿ ಜಾಸ್ತಿ, ಗಟ್ಟಿ ಪಾಕದ ಥರ.

ಬರೋಸಾ ಕಣಿವೆಯಲ್ಲಿ ಸೆಪೆಲ್ಟ್ಸ್‌ಫೀಲ್ಡ್ ಅಂತ ಒಂದು ಜಾಗ ಇದೆ. 1878ರಲ್ಲಿ ಅಲ್ಲಿನ ಯಜಮಾನ ಒಂದು ಪೀಪಾಯಿ ತುಂಬಿಸಿ, 100 ವರ್ಷ ಮುಟ್ಟಬಾರದು ಅಂತ ಹೇಳಿದ. ಮಕ್ಕಳು ಮೊಮ್ಮಕ್ಕಳು ಮಾತು ಉಳಿಸಿಕೊಂಡರು. ಆಮೇಲೆ ಪ್ರತಿ ವರ್ಷವೂ ಒಂದಿಷ್ಟು ತೆಗೆದಿಡುತ್ತಾ ಬಂದಿದ್ದಾರೆ. ನಾನು ಅಲ್ಲಿಗೆ ಹೋದಾಗ ಬೆರಳಿನ ಗಿಣ್ಣಿನಷ್ಟು ಕೊಟ್ಟರು. ಕಾಕಂಬಿ ಹಾಗೆ ಕಪ್ಪು, ಗ್ಲಾಸ್ ಓರೆ ಮಾಡಿದರೆ ಗಾಜಿಗೆ ಅಂಟಿಕೊಂಡೇ ಇರುತ್ತೆ. ಬಿಸಿಬೋಂಡ ಅವರ ಬಜೆಟ್‌ಗೆ ಸಂಬಂಧ ಇಲ್ಲದ ವಿಷಯ, ಕ್ಷಮಿಸಿ.

ಬಿಸಿಬೋಂಡ (ರೀಡಿಂಗ್, ಇಂಗ್ಲೆಂಡ್)

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಇನ್ನೆರಡು ಅನುಮಾನ. ಅಂಗಡಿಯಲ್ಲಿ ‘ಕೊಲ್ಯೇಟಾ 2013’ ಅಂತ ಒಂದು ಇತ್ತು, 27 ಪೌಂಡ್. ವರ್ಷ ಬರೆದಿದೆ ಅಂದ ಮೇಲೆ ಅದು ವಿಂಟೇಜಾ? ಇನ್ನೊಂದು, ಸೂಪರ್‌ಮಾರ್ಕೆಟ್‌ನದು ತಗೊಂಡರೆ ಮರ್ಯಾದೆ ಹೋಗುತ್ತಾ?

ತುಂಗಾತೀರ (ಪೋರ್ಟೊ, ಪೋರ್ಚುಗಲ್)

ಕೊಲ್ಯೇಟಾ ವಿಂಟೇಜ್ ಅಲ್ಲ, ಟಾನಿಯೇ. ಒಂದೇ ವರ್ಷದ ದ್ರಾಕ್ಷಿ, ಮರದಲ್ಲಿ ಕನಿಷ್ಠ 7 ವರ್ಷ. ಅದರ ಮೇಲೆ ಎರಡು ವರ್ಷ ಬರೆದಿರುತ್ತಾರೆ, ಕೊಯ್ಲಿನದು ಮತ್ತು ಬಾಟಲಿಗೆ ತುಂಬಿದ್ದು. ಒಂದರಿಂದ ಇನ್ನೊಂದನ್ನು ಕಳೆದರೆ ಮರದಲ್ಲಿ ಎಷ್ಟು ವರ್ಷ ಇತ್ತು ಅಂತ ಸಿಗುತ್ತೆ. 2013ರದ್ದನ್ನು 2024ರಲ್ಲಿ ತುಂಬಿದ್ದರೆ 11 ವರ್ಷ. ಇದು ಮಾತ್ರ ಪಕ್ಕಾ ಲೆಕ್ಕ. 2021ರಲ್ಲಿ ತುಂಬಿದ್ದಾದರೆ 8 ವರ್ಷ, ಆಗ 27 ಪೌಂಡ್ ಜಾಸ್ತಿ ಆಯ್ತು. ಕೊಪ್ಕೆ ಅನ್ನುವವರು ಕೊಲ್ಯೇಟಾಗೆ ಹೆಸರುವಾಸಿ. 1638ರಿಂದ ಇರುವ ಮನೆತನ.

ಸೂಪರ್‌ಮಾರ್ಕೆಟ್‌ನವರು ವೈನ್ ಮಾಡಲ್ಲ. ಇಲ್ಲಿನ ದೊಡ್ಡ ಕಂಪನಿಗಳೇ ಮಾಡಿ, ತುಂಬಿ, ಅವರ ಹೆಸರು ಅಂಟಿಸಿ ಕೊಡುತ್ತವೆ. ಹಿಂದಿನ ಲೇಬಲ್‌ನಲ್ಲಿ ಸಣ್ಣಕ್ಷರದಲ್ಲಿ ತುಂಬಿದವರ ವಿವರ ಇರುತ್ತೆ. ಅದೇ ರುಚಿ ನೋಡುವ ತಂಡದ ಪರೀಕ್ಷೆ ಅದಕ್ಕೂ ಆಗಿರುತ್ತೆ. ಮರ್ಯಾದೆ ಎಲ್ಲೂ ಹೋಗಲ್ಲ.

ಸಂಜೆಮಲ್ಲಿಗೆ (ಲೀಡ್ಸ್)

ನನ್ನ ಸಲಹೆ: 20ಕ್ಕೆ ಹಾರಬೇಡಿ, ಒಂದೇ ಬಾಟಲಿಯನ್ನೂ ತರಬೇಡಿ. ಒಂದನ್ನೇ ಕುಡಿದರೆ ‘ಚೆನ್ನಾಗಿದೆ’ ಅಂತ ಬಿಟ್ಟು ಬೇರೇನೂ ಹೇಳೋಕೆ ಬರಲ್ಲ. ಇಬ್ಬರು ಮೂವರು ಸೇರಿ ಮೂರು 10 ವರ್ಷದ್ದು ತನ್ನಿ, ಪಕ್ಕಪಕ್ಕ ಇಟ್ಟು ಕುಡಿಯಿರಿ. ಹೆಸರು ಮುಚ್ಚಿ.

ಬಿಸಿಬೋಂಡ (ರೀಡಿಂಗ್, ಇಂಗ್ಲೆಂಡ್)

ಎರಡು ವಾರ ಆಯ್ತು, ವರದಿ ತಂದಿದ್ದೀನಿ.

ಮೂರು ಮನೆಯವರು ದುಡ್ಡು ಹಾಕಿ ಸೂಪರ್‌ಮಾರ್ಕೆಟ್‌ನದು, ಟೇಲರ್ಸ್, ಗ್ರಹಾಮ್ಸ್ ತಂದೆವು. ಒಟ್ಟು 59 ಪೌಂಡ್. ತುಂಬಿದ ವರ್ಷ ನೋಡಿಯೇ ತಂದೆ. ಟೇಲರ್ಸ್ ಮುಂದಿನ ಸಾಲಲ್ಲಿದ್ದಿದ್ದು ಹಳೇದು, ಹಿಂದೆ ಕೈ ಹಾಕಿ ಹೊಸದು ತೆಗೆದೆ. ಅಂಗಡಿ ಹುಡುಗ ಒಂಥರಾ ನೋಡಿದ. ಮನೆಯಲ್ಲಿ ನನ್ನ ಹೆಂಡತಿ ಅಡುಗೆಮನೆಯಲ್ಲೇ ಗ್ಲಾಸಿಗೆ ಸುರಿದು, ತಳಕ್ಕೆ 1, 2, 3 ಅಂತ ಚೀಟಿ ಅಂಟಿಸಿ ತಂದಳು. ಅವಳು ಕುಡಿಯಲ್ಲ, ಹಾಗಾಗಿ ಅಂಪೈರ್.

ಮೊದಲ ಸುತ್ತು ಪೂರ್ತಿ ಹಾಳು. ಬೆಳಿಗ್ಗೆಯಿಂದ ಫ್ರಿಜ್ಜಿನಲ್ಲಿ ಇಟ್ಟಿದ್ದೆ, ಐಸ್ ಹಾಗೆ ತಣ್ಣಗಿತ್ತು. ಮೂರೂ ಒಂದೇ ಥರ, ತಣ್ಣನೆ ಸಕ್ಕರೆ ನೀರು. ಗ್ಲಾಸನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಅರ್ಧ ಗಂಟೆ ಕ್ರಿಕೆಟ್ ಮಾತಾಡಿದೆವು. ಆಮೇಲೆ ಮೂಸಿದರೆ ಬೇರೆ ಬೇರೆ ಮನೆಗೆ ಹೋದ ಹಾಗಿತ್ತು.

ಬಿಳಿ ಕಾಗದದ ಮೇಲೆ ಗ್ಲಾಸ್ ಓರೆ ಮಾಡಿ ನೋಡಿದೆವು. 1 ಎಲ್ಲಕ್ಕಿಂತ ಕೆಂಪು, ಅಂಚಿನಲ್ಲಿ ಮಾತ್ರ ಇಟ್ಟಿಗೆ ಬಣ್ಣ. 2 ಜೇನಿನ ಕಡೆ. 3 ಎರಡರ ನಡುವೆ. 1ರಲ್ಲಿ ಒಣದ್ರಾಕ್ಷಿ, ಸ್ವಲ್ಪ ಚೆರ್ರಿ. ಕುಡಿದ ಮೇಲೆ ಬೇಗ ಮಾಯ. 2ರಲ್ಲಿ ಮೊದಲು ಏನೂ ಅನ್ನಿಸಲಿಲ್ಲ, ನುಂಗಿದ ಮೇಲೆ ಬಾದಾಮಿ ಸಿಪ್ಪೆ ಜಗಿದ ಹಾಗೆ ಒಗರು, ಅದು ತುಂಬಾ ಹೊತ್ತು ಇತ್ತು. 3 ಬಾಯಿ ತುಂಬ ಅಂಜೂರ. ನನ್ನ ಗೆಳೆಯ ‘ಇದು ಅತ್ತೆಮನೆ ಉಪಚಾರ ಕಣೋ, ಬೇಡ ಅಂದ್ರೂ ಬಡಿಸ್ತಾರೆ’ ಅಂದ.

ಚೀಟಿ ಬಿಚ್ಚಿದಾಗ 1 ಸೂಪರ್‌ಮಾರ್ಕೆಟ್, 2 ಟೇಲರ್ಸ್, 3 ಗ್ರಹಾಮ್ಸ್. ಮೂರು ಜನರಲ್ಲಿ ಇಬ್ಬರಿಗೆ 3 ಮೊದಲು. ನನಗೆ ಆವತ್ತು 3, ಮರುದಿನ 2. ಮೂರನೆಯವನು 14 ಪೌಂಡಿನದೇ ಸಾಕು ಅಂತ ಹಟ ಹಿಡಿದ. ಇನ್ನೂ ಬಿಟ್ಟಿಲ್ಲ.

ಯಾರಾದ್ರೇನು (ಮೆಲ್ಬರ್ನ್)

ಜೊತೆಗೆ ತಿನ್ನೋಕೆ ಏನಿತ್ತು? ಮುಖ್ಯವಾದ ವಿಷಯವನ್ನೇ ಬಿಟ್ಟಿದ್ದೀರಿ.

ಬಿಸಿಬೋಂಡ (ರೀಡಿಂಗ್, ಇಂಗ್ಲೆಂಡ್)

ಮೈಸೂರು ಪಾಕ್ ತಂದಿದ್ದೆವು. ದೊಡ್ಡ ತಪ್ಪು. ಅದನ್ನು ತಿಂದು ಕುಡಿದರೆ ಪೋರ್ಟ್ ಹುಳಿ ಹುಳಿ. ಕೋಡುಬಳೆ ಖಾರಕ್ಕೆ ಗಂಟಲು ಉರಿ. ಉಪ್ಪು ಹಾಕಿ ಹುರಿದ ಗೋಡಂಬಿ ಗೆದ್ದಿತು. ಆಶ್ಚರ್ಯ ಅಂದರೆ ಸಪ್ಪೆ ಖೋವಾ, ಸಕ್ಕರೆ ಹಾಕದ್ದು, ಬಾಣಲೆಯಲ್ಲಿ ಸ್ವಲ್ಪ ಕೆಂಪಗೆ ಮಾಡಿದ್ದು. ಅದು ಗ್ರಹಾಮ್ಸ್ ಜೊತೆ ಭಾರಿ ಚೆನ್ನಾಗಿತ್ತು.

ತುಂಗಾತೀರ (ಪೋರ್ಟೊ, ಪೋರ್ಚುಗಲ್)

ತಿನಿಸು ವೈನ್‌ಗಿಂತ ಸಿಹಿ ಇದ್ದರೆ ವೈನ್ ಹುಳಿ ಅನ್ನಿಸುತ್ತೆ. ಇಲ್ಲಿ ಬಾದಾಮಿ ಕೊಡ್ತಾರೆ, ಇಲ್ಲವೇ ಮೊಟ್ಟೆ ಹಾಕಿದ ಪುಟ್ಟ ಕಸ್ಟರ್ಡ್ ಟಾರ್ಟ್. 12ರಿಂದ 16 ಡಿಗ್ರಿ ಸರಿಯಾದ ತಂಪು. ಫ್ರಿಜ್ಜಿನಿಂದ ತೆಗೆದು 20 ನಿಮಿಷ ಬಿಟ್ಟರೆ ಸಾಕು. ತಳದಲ್ಲಿ ಗಸಿ ಇರಲ್ಲ, ಸೋಸುವ ಕೆಲಸ ಇಲ್ಲ.

ಉಳಿದಿದ್ದನ್ನು ಮುಚ್ಚಳ ಬಿಗಿಯಾಗಿ ಹಾಕಿ ಫ್ರಿಜ್ಜಿನಲ್ಲಿ ನಿಲ್ಲಿಸಿ ಇಡಿ. ಗಾಳಿ ಜೊತೆ ಬೆಳೆದ ವೈನ್ ಇದು, ಮಾಮೂಲಿ ವೈನ್ ಥರ ಮೂರನೇ ದಿನಕ್ಕೆ ಕೆಡಲ್ಲ. ಒಂದು ತಿಂಗಳು ಧಾರಾಳವಾಗಿ ಇರುತ್ತೆ.

ಲೆಕ್ಕದಪುಸ್ತಕ (ನ್ಯೂಜೆರ್ಸಿ)

ಒಂದು ಎಚ್ಚರಿಕೆ. ಲೀಟರಿಗೆ 100 ಗ್ರಾಂ ಮೇಲೆ ಸಕ್ಕರೆ ಇರುತ್ತೆ. 60 ಮಿ.ಲೀ. ಗ್ಲಾಸಿಗೆ 6 ಗ್ರಾಂ, ಅಂದರೆ ಒಂದೂವರೆ ಚಮಚ. ಶುಗರ್ ಇರುವವರು ಕೈ ಬಿಗಿ ಹಿಡಿಯಿರಿ. ಇದನ್ನು ನನಗೇ ಹೇಳಿಕೊಳ್ತಿದ್ದೀನಿ.

ಕಾರವಾರಿ (ಬೆಂಗಳೂರು)

ಮಾವನ ಬಾಟಲಿ ತೆಗೆಸಿದೆ. ಮುಚ್ಚಳ ಮುರಿದು ಅರ್ಧ ಒಳಗೆ ಬಿತ್ತು. ರುಚಿ ಅಕ್ಕ ಹೇಳಿದ ಹಾಗೆ, ಒದ್ದೆ ರಟ್ಟು. ಮಾವ ಮಾತ್ರ ‘ಅದ್ಭುತ’ ಅಂತ ಎರಡು ಗ್ಲಾಸ್ ಕುಡಿದರು, 13 ವರ್ಷ ಕಾದಿದ್ದಾರಲ್ಲ ಪಾಪ. ಬಿಸಿಬೋಂಡ ಅಣ್ಣಾ, ಊರಿಗೆ ಬರುವಾಗ ಅವರಿಗೊಂದು ಗ್ರಹಾಮ್ಸ್ ತರ್ತೀರಾ? ದುಡ್ಡು ಕೊಡ್ತೀನಿ.

ಬಿಸಿಬೋಂಡ (ರೀಡಿಂಗ್, ಇಂಗ್ಲೆಂಡ್)

ಖಂಡಿತ. ತಲೆಗೆ 2 ಲೀಟರ್ ತನಕ ಸುಂಕ ಇಲ್ಲ, ಎರಡು ಬಾಟಲಿ ಆರಾಮಾಗಿ ಬರುತ್ತೆ. ಟವೆಲ್‌ನಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕ್ತೀನಿ.

ನಿನ್ನೆ ಅದೇ ಸಹೋದ್ಯೋಗಿ ಮತ್ತೆ ಊಟಕ್ಕೆ ಕರೆದಿದ್ದರು. ಆ 20 ವರ್ಷದ ಬಾಟಲಿ ಮೇಜಿನ ಮೇಲೆ ಬಂತು. ಗ್ಲಾಸ್ ಮುಟ್ಟುವ ಮೊದಲೇ ನನ್ನ ಕೈ ಬಾಟಲಿ ತಿರುಗಿಸಿ ಹಿಂದಿನ ಲೇಬಲ್ ಓದತೊಡಗಿತ್ತು. ಅವರ ಹೆಂಡತಿ ನೋಡಿ ನಕ್ಕರು.

ಸಂಜೆಮಲ್ಲಿಗೆ (ಲೀಡ್ಸ್)

ಯಾವ ವರ್ಷ ಇತ್ತು?

ಬಿಸಿಬೋಂಡ (ರೀಡಿಂಗ್, ಇಂಗ್ಲೆಂಡ್)

2023. ಮುಚ್ಚಳ ತೆಗೆದು ಎಷ್ಟು ದಿನ ಆಯ್ತು ಅಂತ ಕೇಳೋಕೆ ಮಾತ್ರ ಧೈರ್ಯ ಬರಲಿಲ್ಲ.